ಬಡಕಲು ಇಲಿಗಳ ಲಿವರ್

ನಾನು ಮೊದಲಿನಿಂದಲೂ ಸಂಶಯದ ಪ್ರಾಣಿ. ಎಪ್ಪತ್ತರ ದಶಕದ ಕೊನೆಯಲ್ಲಿ, ರಾಯಚೂರಿನ ಕಾಲೇಜೊಂದರಲ್ಲಿ ಪಿಎಚ್‌ಡಿಗೆಂದು ಬಿಳಿ ಇಲಿಗಳ ಬೆನ್ನು ಹತ್ತಿದ ಮೇಲಂತೂ ಆ ರೋಗ ಇನ್ನಷ್ಟು ಜೋರಾಯಿತು.

ನನ್ನ ಪ್ರಶ್ನೆ ಇಷ್ಟೇ. ಇಲಿಯ ಲಿವರ್, ಕಿಡ್ನಿ, ಹೃದಯ, ಎಲ್ಲದರ ಜೀವಕೋಶದಲ್ಲೂ ಇರುವುದು ಅವೇ ಜೀನುಗಳು. ಆದರೆ ಎಲ್ಲವೂ ಎಲ್ಲ ಕಡೆ ಕೆಲಸ ಮಾಡುವುದಿಲ್ಲ. ಸಿಹಿಯನ್ನು ಕೊಬ್ಬಾಗಿಸಲು ನೆರವಾಗುವ ಒಂದು ಕಿಣ್ವವಿದೆ. ಹೊಟ್ಟೆಗೆ ಸಿಹಿ ಬಿದ್ದಾಗ ಅದರ ಜೀನು ಯಾವ ಅಂಗದಲ್ಲಿ ಚುರುಕಾಗುತ್ತದೆಂದು ನೋಡಬೇಕಿತ್ತು. ಒಂದು ಗುಂಪಿನ ಇಲಿಗಳಿಗೆ ಧಾರಾಳ ಬೆಲ್ಲ, ಇನ್ನೊಂದಕ್ಕೆ ಅರೆಹೊಟ್ಟೆ ಮೇವು. ಆಮೇಲೆ ಕೊಯ್ದು, ಅಂಗಗಳನ್ನು ಬೇರೆ ಬೇರೆಯಾಗಿ ಅರೆದು ಟ್ಯೂಬಿಗೆ ತುಂಬಿ, ಆ ರಸವನ್ನು ಜೆಲ್ ಎಂಬ ಲೋಳೆಯಂಥ ಪದರದಲ್ಲಿ ಕರೆಂಟು ಕೊಟ್ಟು ಓಡಿಸುತ್ತಿದ್ದೆ. ಬಣ್ಣ ಹಾಕಿದರೆ ಕಿಣ್ವ ಹೆಚ್ಚಿದ್ದಷ್ಟೂ ನೇರಳೆ ಪಟ್ಟಿ ಗಾಢವಾಗುತ್ತಿತ್ತು. ಅದುವರೆಗೆ ಗಾಢ ಬಂದದ್ದು ಬೆಲ್ಲ ತಿಂದವುಗಳ ಲಿವರ್ ಪಟ್ಟಿಯೊಂದೇ.

ಗಣಪತಿ ಹಬ್ಬದ ರಜೆಗೆ ಕಾಲೇಜಿಗೆ ಬೀಗ ಬಿತ್ತು. ಪಂಜರಗಳನ್ನು ಮಾನ್ವಿಯ ಮನೆಗೆ ಒಯ್ದು, ಹಿಂದಿನ ಖೋಲಿಯಲ್ಲಿಟ್ಟು, ಮೇವು ನಾನೇ ತೂಗಿ ಹಾಕಿದೆ. ರಜೆ ಮುಗಿದ ಮೇಲೆ ರಾಯಚೂರಿಗೆ ತಂದು ಕೊಯ್ದು ನೋಡಿದರೆ, ಎರಡೂ ಗುಂಪಿನ ಲಿವರ್ ಪಟ್ಟಿ ಒಂದೇ ಸಮ ಗಾಢ!

ಗೈಡ್ ಕನ್ನಡಕದ ಮೇಲಿಂದ ನನ್ನನ್ನೇ ನೋಡಿದರು. “ಟ್ಯೂಬ್ ಅದಲಿ ಬದಲಿ ಮಾಡೀರಿ. ಇಲ್ಲಾ ಹಬ್ಬದ ಗದ್ದಲದಾಗ ಮನಸ್ಸಿಗೆ ಬಂದಂಗ ಮೇವು ಹಾಕೀರಿ. ಖರೇ ಹೇಳ್ರಿ, ಇಲ್ಲಾಂದ್ರ ಬ್ಯಾರೆ ಗೈಡ್ ನೋಡ್ಕೋರ್ರಿ.”

ಬೇರೆ ಗೈಡ್ ಎಂದರೆ ಓದು ಅಲ್ಲಿಗೆ ಮುಗಿದಂತೆ. ಮನೆಯಲ್ಲಿ ನನ್ನ ಮದುವೆ ಮಾತು ಆಗಲೇ ಎದ್ದಿತ್ತು. ನನಗೆ ಮೈಯೆಲ್ಲ ಉರಿಯಿತು. ಪಟ್ಟಿಗಳನ್ನು ಮತ್ತೆ ನೋಡಿದೆ. ಟ್ಯೂಬ್ ಬದಲಾಗಿದ್ದರೆ ಒಂದು ಗುಂಪಿನದಾದರೂ ತಿಳಿಯಾಗಿರಬೇಕಿತ್ತು. ಬಣ್ಣ ಕೆಟ್ಟಿದ್ದರೆ ಕಿಡ್ನಿ, ಹೃದಯದ ಪಟ್ಟಿಗಳೂ ಕೆಡಬೇಕಿತ್ತು. ಅವು ಇರಬೇಕಾದ ಹಾಗೇ ಇದ್ದವು. ಲಿವರ್ ಮಾತ್ರ ಬಾಯಿ ಬಿಟ್ಟಿತ್ತು. ಅರೆಹೊಟ್ಟೆಯ ಇಲಿಗಳಿಗೆ ಯಾರೋ ದಿನಾ ಸಿಹಿ ತಿನ್ನಿಸಿದ್ದರು.

ನನ್ನ ಕಣ್ಣು ನೇರ ಹೋದದ್ದು ಅಣ್ಣನ ಹೆಂಡತಿಯ ಮೇಲೆ. ದೇವದುರ್ಗದ ಹುಡುಗಿ, ಬಂದು ವರ್ಷವೂ ಆಗಿರಲಿಲ್ಲ. ನನ್ನ ಓದು ನಿಂತರೆ ಮನೆಗೆಲಸಕ್ಕೆ ಇನ್ನೊಂದು ಕೈ ಸಿಗುತ್ತದೆಂದು ಅವಳ ಹಂಚಿಕೆ, ಎಂದು ತೀರ್ಪೂ ಕೊಟ್ಟುಕೊಂಡೆ. ಶನಿವಾರ ಮಾನ್ವಿಗೆ ಹೋಗಿ ಕೇಳಿಯೇ ಬಿಟ್ಟೆ.

“ಆ ಖೋಲಿಗೆ ನಾ ಕಾಲು ಸೈತ ಇಟ್ಟಿಲ್ಲ ನೋಡವಾ. ಇಲಿ ಅಂದ್ರ ನನಗ ಜೀವಾನ ಹೋಗ್ತದ,” ಎಂದಳು ಅತ್ತಿಗೆ. ನಾನು ನಂಬಲಿಲ್ಲ.

ಒಲೆ ಮುಂದಿದ್ದ ಅವ್ವ ತಿರುಗಿಯೂ ನೋಡದೆ, “ಆಕಿಗೇನ್ ಕೇಳ್ತಿ? ನಾ ಹಾಕೀನಿ,” ಎಂದಳು.

ಗಣಪ್ಪನನ್ನು ಕೂಡಿಸಿದ ಮರುದಿನ ಇಲಿಗೆ ಎಡೆ ಇಡುವುದು ನಮ್ಮ ಮನೆಯ ಪದ್ಧತಿ. ಮೂಲೆಯಲ್ಲಿ ಎಲೆ ಹಾಕಿ ಕಾಣದ ಇಲಿಗೆ ಕೈಮುಗಿಯುತ್ತಿದ್ದ ಅವ್ವನ ಮನೆಗೆ ಆ ವರ್ಷ ಇಲಿಗಳೇ ನಡೆದು ಬಂದಂತಾಗಿತ್ತು. ಒಂದು ದಿನದ ಎಡೆ ಅವಳಿಗೆ ಸಾಲಲಿಲ್ಲ. ಗಣಪ್ಪ ಹೋಗುವವರೆಗೂ ದಿನಾ ಬೆಲ್ಲದ ಕಡುಬು, ಕರ್ಚಿಕಾಯಿ ನಡೆದಿತ್ತು.

ಗೈಡ್ ಇದನ್ನೂ ನಂಬಲಿಲ್ಲ. ಅವರೇನು ನನಗಿಂತ ಕಡಿಮೆಯೇ! ಕೊನೆಗೆ ಅವ್ವನನ್ನೇ ರಾಯಚೂರಿಗೆ ಕರೆತಂದೆ.

“ಎಲ್ಲಾ ಇಲಿಗೂ ಹಾಕಿದ್ರೇನ್ರಿ?” ಎಂದು ಗೈಡ್ ಪೊಲೀಸರ ಹಾಗೆ ಕೇಳಿದರು.

“ಇಲ್ರಿ ಯಪ್ಪಾ. ಬೆಲ್ಲಾ ತಿನ್ನೋವು ದಪ್ಪಗ ಇದ್ವು. ಬಡಕಲು ಇದ್ವಲ್ರಿ, ಅವಕ್ಕಷ್ಟ ಹಾಕಿದೆ. ಹಬ್ಬದಾಗ ಅವು ಉಪಾಸ ಕುಂತ್ರ ನಮಗ ತುತ್ತು ಇಳೀತದೇನ್ರಿ?”

ಗೈಡ್ ಜೆಲ್ಲನ್ನು ಕಿಟಕಿಯ ಬೆಳಕಿಗೆ ಹಿಡಿದು ಪಟ್ಟಿಗಳನ್ನು ಒಂದೊಂದಾಗಿ ನೋಡಿದರು. “ಲಿವರ್ ಸುಳ್ಳು ಹೇಳಿಲ್ಲ ಬಿಡ್ರಿ. ಹೊಸಾ ಇಲಿ ತರಿಸಿ ಇನ್ನೊಮ್ಮಿ ಮಾಡ್ರಿ,” ಎಂದರು. ನನ್ನ ಓದು ಉಳಿಯಿತು. ಖುಷಿಗೆ ಅಲ್ಲೇ ಕುಣಿಯಬೇಕೆನ್ನಿಸಿತು.

ಅವ್ವ ಖಾಲಿ ಪಂಜರಗಳನ್ನು ನೋಡುತ್ತಿದ್ದಳು. “ಅವು ಎಲ್ಲಿ?” ಎಂದಳು. ನಾನು ಮೇಜಿನ ಮೇಲಿದ್ದ ಕೊಯ್ಯುವ ಹಲಗೆಗೆ ಬಟ್ಟೆ ಎಳೆದೆ. ಅವ್ವ ಅದನ್ನು ನೋಡಿಬಿಟ್ಟಳು.

ಬಸ್ ಸ್ಟ್ಯಾಂಡಿನಲ್ಲಿ ಮಾನ್ವಿ ಬಸ್ಸು ಹತ್ತುವಾಗ ನನ್ನ ಕೈ ಹಿಡಿದಳು. “ನೀ ಓದು ತಾಯಿ, ಬ್ಯಾಡ ಅನ್ನಂಗಿಲ್ಲ. ಆದ್ರ ಅವನ್ನ ಮತ್ತ ಮನಿಗೆ ತರಬ್ಯಾಡ. ಉಣಿಸಿದ ಮ್ಯಾಲ ನಿನ್ನ ಕೈಯಾಗ ಕೊಡಾಕ ನನ್ನಿಂದ ಆಗಂಗಿಲ್ಲ.”