ಕಲ್ಲೊಳಗೆ ಸಿಕ್ಕಿಕೊಂಡ ಕೋಳಿ

ಕಾಂತರಾಜಣ್ಣ ಮನೆ-ಸೈಟುಗಳ ಬ್ರೋಕರ್ ಅಂತ ನಾನು ಬಹಳ ದಿನ ನಂಬಿದ್ದೆ.

ಕೋಲಾರದ ಟೊಮೆಟೊ ಮಾರ್ಕೆಟ್ಟಿನ ಒಂದು ಮಂಡಿಯಲ್ಲಿ ಬಿಲ್ ಟೈಪ್ ಮಾಡೋ ಕೆಲಸಕ್ಕೆ ಆಗಷ್ಟೇ ಸೇರಿದ್ದೆ. ಕಾಂತರಾಜಣ್ಣ ಅಲ್ಲಿ ಹರಾಜು ಕೂಗುವವರು. ಹರಾಜು ಮುಗಿದ ಮೇಲೆ ಖಾಲಿ ಕ್ರೇಟುಗಳ ಹಿಂದೆ ನಿಂತು, ಫೋನನ್ನು ಬಾಯಿಗೆ ಹತ್ತಿರ ಹಿಡಿದು, ಒಡೆದ ಗಂಟಲಲ್ಲಿ ಹೇಳುತ್ತಿದ್ದರು: "ಹಳೇ ಮನೆ. ಬಾವಿ ಬತ್ತೋಗಿದೆ. ಮಹಡೀಲಿ ದೆವ್ವ ಇದೆ. ಮೆಟ್ಲು ಹತ್ತುವಾಗ ಸಿಕ್ಕಾಕ್ಕೋತೀರ. ಆದ್ರೂ ಒಂದ್ಸಲ ಒಳಗೆ ಹೋಗಿ ನೋಡಿ."

ನಮ್ಮ ಮನೆಯಲ್ಲಿ ಆಗ ಸೈಟು ಹುಡುಕಾಟ ನಡೆದಿತ್ತು. ದೆವ್ವ ಇದ್ದರೆ ಸಸ್ತಾ ಸಿಗಬಹುದು ಅಂತ ನನ್ನ ಬುದ್ಧಿ ಓಡಿತು. ಅಮ್ಮನಿಗೆ ಹೇಳಿದೆ. ಅಮ್ಮ ಶಾಂತಿ ಮಾಡಿಸೋಕೆ ಪೂಜಾರಿಯನ್ನೂ ಕೇಳಿಟ್ಟುಕೊಂಡರು. ಕಡೆಗೆ ಧೈರ್ಯ ಮಾಡಿ ಕೇಳಿದೆ: "ಅಣ್ಣಾ, ಆ ಮನೆ ಎಷ್ಟಕ್ಕೆ ಕೊಡ್ತಾರೆ?"

"ಫ್ರೀ ಕಣೋ. ನಿನ್ ಫೋನಲ್ಲಿ ಜಾಗ ಇದ್ಯಾ ನೋಡ್ಕೋ."

ಅದು ವಿಡಿಯೋ ಗೇಮು. ಅಮ್ಮ ಪೂಜಾರಿಗೆ ಏನು ಹೇಳಿದರೋ ನಾನು ಇವತ್ತಿಗೂ ಕೇಳಿಲ್ಲ.

ಕಾಂತರಾಜಣ್ಣನಿಗೆ ನಲವತ್ತು ದಾಟಿದೆ. ಯಾರೂ ಕೇಳಿರದ ಆಟಗಳನ್ನು ಎಲ್ಲೆಲ್ಲಿಂದಲೋ ಹುಡುಕಿ, ಆಡಿ, ವಾಟ್ಸಾಪ್ ಗುಂಪಿನಲ್ಲಿ ದನಿ ಮೆಸೇಜು ಹಾಕುವುದು ಅವರ ಹುಚ್ಚು. ಗುಂಪಿನಲ್ಲಿ ಲಾರಿ ಡ್ರೈವರುಗಳಿದ್ದಾರೆ, ಕಾಲೇಜು ಹುಡುಗರಿದ್ದಾರೆ, ಶ್ರೀನಿವಾಸಪುರದಲ್ಲಿ ಮೊಬೈಲ್ ಅಂಗಡಿ ಇಟ್ಟಿರುವ ಶಿವಶಂಕರ್ ಇದ್ದಾನೆ. ಎಲ್ಲರೂ ಆಡುವ ದೊಡ್ಡ ಆಟಗಳ ಮಾತೆತ್ತಿದರೆ ಕಾಂತರಾಜಣ್ಣ ಉರಿದುಬೀಳುತ್ತಾರೆ. "ಅದುಕ್ ನಾನ್ಯಾಕ್ಲಾ ಕೂಗ್ಲಿ? ಆ ಮಾಲಿಗೆ ಗಿರಾಕಿ ತಾನಾಗೇ ಬರ್ತಾನೆ. ಮೂಲೇಲಿರೋ ಕ್ರೇಟಿಗೆ ಕೂಗೋನು ಬೇಕು."

ಕೂಗುವ ರೀತಿಯೇ ನನ್ನ ತಲೆ ಕೆಡಿಸಿದ್ದು. ನಮ್ಮಲ್ಲಿ ಕ್ರೇಟು ತುಂಬುವವರು ಮೇಲಿನ ಸಾಲಿಗೆ ಕೆಂಪಗೆ, ಗಟ್ಟಿಯಾಗಿರೋ ಹಣ್ಣೇ ಇಡುತ್ತಾರೆ. ಕಾಂತರಾಜಣ್ಣ ಹರಾಜಿಗೆ ಮುಂಚೆ ಒಂದು ಕ್ರೇಟನ್ನು ಎತ್ತಿ ಖಾಲಿ ಕ್ರೇಟಿಗೆ ಬೋರಲು ಸುರಿಯುತ್ತಾರೆ. ತಳದ ಹಣ್ಣು ಮೇಲೆ ಬರುತ್ತದೆ. ಕೊಳೆತಿದ್ದನ್ನು ಕೈಯಲ್ಲಿ ಹಿಡಿದು ತೋರಿಸಿ, ಆಮೇಲೆ ಬಾಯಿ ತೆಗೆಯುತ್ತಾರೆ. ಆಟಗಳಿಗೂ ಅದೇ ಪದ್ಧತಿ.

"ಮೊದ್ಲು ಅರ್ಧ ಗಂಟೆ ಏನೂ ಆಗಲ್ಲ. ಆಮೇಲೂ ಅಷ್ಟೇ. ದೀಪ ಹಿಡ್ಕೊಂಡು ದೋಣೀಲಿ ಹೋಗ್ತಾ ಇರ್ಬೇಕು. ನೀರಿನ ಸದ್ದು ಚೆನ್ನಾಗಿದೆ."

"ಅಂದ್ರೆ ಆಡ್ಬೇಕೋ ಬೇಡ್ವೋ ಅಣ್ಣಾ?"

"ಹೇಳಿದ್ನಲ್ಲೋ!"

ನನಗೆ ಅರ್ಥವಾಗಲಿಲ್ಲ. ಮಾಲೂರಿನ ಬಸ್ಸಿನಲ್ಲಿ ಮನೆಗೆ ಹೋಗುತ್ತಾ ದೋಣಿ ನಡೆಸಿದೆ. ಏನೂ ಆಗಲಿಲ್ಲ. ಇಳಿಯೋ ಸ್ಟಾಪು ಮಾತ್ರ ತಪ್ಪಿತು.

ಹೀಗಿರುವಾಗ ಕಾಂತರಾಜಣ್ಣನ ಅಕ್ಕನ ಫೋನು ಬಂತು. ಅಕ್ಕ ಆದಿಲಕ್ಷ್ಮಿ ಇರೋದು ಮುಳಬಾಗಿಲಲ್ಲಿ. ಅಕ್ಕನ ಮಗಳು ಧನಶ್ರೀ ಬಿಸಿಎ ಮುಗಿಸಿ, ಒಂದು ವರ್ಷದಿಂದ ಮನೆಯಲ್ಲೇ ಕೂತು ಒಂದು ಆಟ ಮಾಡುತ್ತಿದ್ದಳು. ಇನ್ನೂ ಒಂದು ವರ್ಷ ಬೇಕು ಅನ್ನುವುದು ಅವಳ ಹಟ. ಮಾಲೂರಿನ ಒಂದು ಫ್ಯಾಕ್ಟರಿಯ ಆಫೀಸಿನಲ್ಲಿ ಕೆಲಸ ನೋಡಿದ್ದೀನಿ, ಸೋಮವಾರ ಸೇರಲೇಬೇಕು ಅನ್ನುವುದು ಅವಳಮ್ಮನ ಹಟ. ಜಗಳ ಆಗಿ ಆಗಿ, ಇಬ್ಬರೂ ಒಂದು ಮಾತಿಗೆ ಬಂದಿದ್ದರು. ಕಾಂತನ ಬಾಯಲ್ಲಿ ಸುಳ್ಳು ಬರಲ್ಲ, ಅವನು ಆಡಿ ನೋಡಿ ಹೇಳಿದಂಗಾಗಲಿ.

ಆ ವಾರ ಕಾಂತರಾಜಣ್ಣ ಮನುಷ್ಯರಂತಿರಲಿಲ್ಲ. ಒಂದು ದಿನ ಕ್ರೇಟು ಬೋರಲು ಹಾಕುವುದನ್ನೇ ಮರೆತು ಕೂಗಿಬಿಟ್ಟರು. ಖರೀದಿಗೆ ಬಂದವರು ಮುಖ ಮುಖ ನೋಡಿಕೊಂಡರು.

ನನ್ನ ಕೈಗೂ ಧನಶ್ರೀಯ ಆಟ ಕೊಟ್ಟರು. ಆವನಿ ಬೆಟ್ಟದಂಥ ಒಂದು ಬೆಟ್ಟ, ತುಂಬಾ ಬಂಡೆಗಳು. ಅಜ್ಜಿಯ ಕೋಳಿ ಕಳೆದಿದೆ, ಹುಡುಕಬೇಕು. ದಾರಿಯಲ್ಲಿ ಸಿಕ್ಕವರನ್ನೆಲ್ಲ ಕೇಳಿದರೆ ಒಬ್ಬರು ಕನ್ನಡದಲ್ಲಿ ಮೇಲಕ್ಕೆ ಅನ್ನುತ್ತಾರೆ, ಇನ್ನೊಬ್ಬರು ತೆಲುಗಿನಲ್ಲಿ ಕೆಳಕ್ಕೆ ಅನ್ನುತ್ತಾರೆ. ದೂರದಿಂದ ಅಜ್ಜಿ "ಬಾ ಬಾ ಬಾ ಬಾ" ಅಂತ ಕೋಳಿ ಕರೆಯುವುದು ಕೇಳುತ್ತದೆ. ನಾನು ಎರಡು ಸಲ ಬೆಟ್ಟದ ಹಿಂದೆ ಹೋಗಿ ಆಟದ ಭೂಮಿಯಿಂದಲೇ ಆಚೆ ಬಿದ್ದೆ.

"ಆಟ ಹೆಂಗಿದ್ಯೋ ಶ್ರೀಧರಾ?"

"ಚೆನ್ನಾಗಿದೆ ಅಣ್ಣಾ."

"ಥೂ! ನಿನ್ ಚೆನ್ನಾಗಿದೆಗೆ ರೇಟೇ ಇಲ್ಲ ಕಣೋ. ಕ್ಯಾಂಟೀನ್ ಕಾಫಿಗೂ ಚೆನ್ನಾಗಿದೆ ಅಂತೀಯ."

ಅದು ನಿಜ. ಕಾಫಿ ಕೆಟ್ಟದಾಗಿತ್ತು, ಹೇಳೋ ಧೈರ್ಯ ನನಗಿರಲಿಲ್ಲ. ಆದರೆ ಇವರ ಲೆಕ್ಕವೂ ನನಗೆ ತಿಳಿಯಲಿಲ್ಲ. "ದಂಡದ ಆಟ, ದಂಡದ ಆಟ" ಅಂತ ಬೈದುಕೊಳ್ಳುತ್ತಲೇ ಕ್ರೇಟುಗಳ ಹಿಂದೆ ಹೋಗಿ ಮತ್ತೆ ಮೊದಲಿಂದ ಶುರು ಮಾಡುತ್ತಿದ್ದರು. ಅಜ್ಜಿಯ ದನಿ ಕೇಳುವ ಜಾಗ ಬಂದಾಗ ಆಡುವುದು ಬಿಟ್ಟು ಕೇಳುತ್ತಾ ನಿಲ್ಲುತ್ತಿದ್ದರು.

ಭಾನುವಾರ ನನ್ನನ್ನೂ ಬೈಕಿನ ಹಿಂದೆ ಹಾಕಿಕೊಂಡು ಮುಳಬಾಗಿಲಿಗೆ ಹೊರಟರು. ಹೊರಗಿನವರ ಮುಂದೆ ಅಕ್ಕ ಜಾಸ್ತಿ ಬಯ್ಯಲ್ಲವಂತೆ. ನನ್ನಿಂದ ಆಗುವ ಉಪಕಾರ ಅಷ್ಟೇ.

ಒಳಗೆ ಬಸ್ಸಾರಿನ ಘಮ ಹರಡಿತ್ತು. ಆದಿಲಕ್ಷ್ಮಿಯಕ್ಕ ತಟ್ಟೆ ಇಡಲಿಲ್ಲ. "ಏಮ್ರಾ ಕಾಂತಾ, ಊಟ ಆಮೇಲೆ. ಮೊದ್ಲು ಹೇಳು."

ಧನಶ್ರೀ ಅಡುಗೆಮನೆ ಬಾಗಿಲಲ್ಲಿ ನಿಂತಿದ್ದಳು. ಕಾಂತರಾಜಣ್ಣ ಫೋನು ತೆಗೆದು, ಅಕ್ಕನ ಕಣ್ಣ ಮುಂದೆಯೇ ಕ್ರೇಟು ಬೋರಲು ಹಾಕಿದರು. ಬೆಟ್ಟದ ಹಿಂದೆ ಹೋಗಿ ಬಿದ್ದು ತೋರಿಸಿದರು. ಹೇಳಿದ್ದನ್ನೇ ಹೇಳುತ್ತಾ ನಿಂತಿರುವ ಮುದುಕನನ್ನು ತೋರಿಸಿದರು. ಬಂಡೆಯೊಳಗೆ ಸಿಕ್ಕಿಕೊಂಡು ಬರೀ ಬಾಲ ಆಡಿಸುವ ಕೋಳಿಯನ್ನು ತೋರಿಸಿದರು.

"ಇದು ಕೊಳೆತಿದೆ. ಇದೂ ಕೊಳೆತಿದೆ. ಇಲ್ಲಿಂದಾಚೆಗೆ ಹಣ್ಣೇ ಇಲ್ಲ, ಬರೀ ಪೇಪರ್ ತುಂಬಿದ್ದೀಯ."

"ಅದು ನಂಗೂ ಗೊತ್ತು ಮಾವ," ಅಂದಳು ಧನಶ್ರೀ. ದನಿ ಗಟ್ಟಿಯಾಗಿತ್ತು, ಮೂಗು ಕೆಂಪಾಗಿತ್ತು.

"ಅಜ್ಜಿ ದನಿ ಚೆನ್ನಾಗಿದೆ," ಅಂದೆ ನಾನು. ಯಾರೂ ನನ್ನ ಕಡೆ ತಿರುಗಲಿಲ್ಲ.

"ಆಯ್ತಲ್ಲ," ಆದಿಲಕ್ಷ್ಮಿಯಕ್ಕ ತಟ್ಟೆ ತರಲು ಎದ್ದರು. "ನಿಮ್ ಮಾವನೇ ಹೇಳ್ದ. ನಾಳೆ ಬೆಳಿಗ್ಗೆ ಮಾಲೂರು ಬಸ್ಸು."

ಧನಶ್ರೀ ಬಾಗಿಲು ಬಿಟ್ಟು ಕದಲಲಿಲ್ಲ. "ಇರಮ್ಮ. ಮಾವ, ನಾನು ನಿನ್ ಮಗಳೇ ಆಗಿದ್ದಿದ್ರೆ? ಆಟ ಇಷ್ಟು ಕೆಟ್ಟದಾಗಿದೆ ಅಂತ ಗೊತ್ತಿದ್ದೂ, ಇನ್ನೊಂದು ವರ್ಷ ಕೊಡ್ತಿದ್ಯಾ?"

ಅಕ್ಕ ಅರ್ಧಕ್ಕೇ ನಿಂತರು. ಕಾಂತರಾಜಣ್ಣ ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ. ಅವರ ಕೈಯಲ್ಲಿದ್ದ ಫೋನಿನಿಂದ ಅಜ್ಜಿ ಇನ್ನೂ ಬಾ ಬಾ ಬಾ ಅಂತ ಕರೆಯುತ್ತಿದ್ದಳು.

"ಒಂದು ವರ್ಷ ಕೊಡ್ತಿರ್ಲಿಲ್ಲ," ಅಂದರು ಕಾಂತರಾಜಣ್ಣ, ಹರಾಜು ಕೂಗುವ ದನಿಯಲ್ಲೇ. "ಒಂದು ವರ್ಷಕ್ಕೆಲ್ಲ ಆ ಕೋಳಿ ಕಲ್ಲಿಂದ ಆಚೆ ಬರಲ್ಲ ಅಕ್ಕಾ. ಎರಡು ಕೊಡು."