ಊರ ಹೊರಗೆ ಎಂಬ ಮಾತು

ಬಾಡಿಗೆ ಮನೆ ತೋರಿಸುವ ಫಾತಿಮಾ ಮೊದಲ ಭೇಟಿಯಲ್ಲೇ ನಗುತ್ತಾ, "ನಿಮಗೆ ಪಿಂಗ್ಗಿರ್ ಬಂಡಾರ್ ಸರಿಹೋಗುತ್ತೆ" ಎಂದಾಗ ನನಗೆ ಮೈಯೆಲ್ಲ ಉರಿದುಹೋಯಿತು. ಮಲಯ್ ಭಾಷೆಯಲ್ಲಿ ಪಿಂಗ್ಗಿರ್ ಎಂದರೆ ಅಂಚು, ಬಂಡಾರ್ ಎಂದರೆ ಪಟ್ಟಣ. ಸಮುದ್ರ ದಾಟಿ ಬಂದರೂ ನನ್ನನ್ನು ಊರ ಹೊರಗೇ ಇಡುತ್ತಾರಾ? ಹಟ ಹಿಡಿದು ಕೌಲಾಲಂಪುರದ ನಟ್ಟನಡುವೆ, ಗಾಳಿಯಾಡದ ಹದಿನಾಲ್ಕನೇ ಮಹಡಿಯಲ್ಲಿ ಮನೆ ಹಿಡಿದೆ.

ನಮ್ಮೂರು ಮಂಡ್ಯದ ಕಡೆಯದು. ಅಲ್ಲಿ ನಮ್ಮ ಜಾತಿಯ ಹೆಸರೆತ್ತುವ ಕಷ್ಟವನ್ನು ಯಾರೂ ತೆಗೆದುಕೊಳ್ಳುತ್ತಿರಲಿಲ್ಲ. "ಊರ ಹೊರಗಿನವರು" ಎಂದರೆ ಸಾಕಿತ್ತು. ಇಲ್ಲಿ ಅದೇ ಮಾತನ್ನು ಮನೆ ಮಾರುವವರು ಬೋರ್ಡಿನ ಮೇಲೆ ಹೆಮ್ಮೆಯಿಂದ ಬರೆಸುತ್ತಾರೆ. ಮನೆ ಮುಂದೆ ಮಾವಿನ ಗಿಡ, ಎರಡು ಕಾರು ನಿಲ್ಲುವಷ್ಟು ಅಂಗಳ. ಇದು ತಿಳಿಯಲು ನನಗೊಂದು ವರ್ಷ ಬೇಕಾಯಿತು. ನನ್ನ ಪೆದ್ದುತನಕ್ಕೆ ನಾನೇ ನಕ್ಕು, ಫಾತಿಮಾಗೆ ಫೋನ್ ಮಾಡಿ ಕೌಲಾಲಂಪುರದ ಹೊರಗಿನ ನಿಲಾಯ್‌ಗೆ ಬಂದೆ.

ನಾವು ಕನ್ನಡದ ಹೆಂಗಸರು ತಿಂಗಳಿಗೊಬ್ಬರ ಮನೆಯಲ್ಲಿ ಸೇರಿ ಊಟ ಮಾಡುತ್ತೇವೆ. ಹೊಸಬರಿಗೆ ವಿಚಾರಣೆ ತಪ್ಪಿದ್ದಲ್ಲ: ಯಾವ ಊರು? ಊರಲ್ಲಿ ಎಲ್ಲಿ? ಯಾವ ಬೀದಿ? ನಾನು "ಬಸ್ ಸ್ಟ್ಯಾಂಡ್ ಹತ್ತಿರ" ಎಂದು ತೇಲಿಸಿದ್ದೆ. ನಿಜ ಹೇಳಿದರೆ ನನ್ನ ಮನೆಯಲ್ಲಿ ಯಾರೂ ಉಣ್ಣಲಾರರೆಂಬ ಭಯ. ಈ ದೇಶದಲ್ಲಿ ಮನಸಾರೆ ಕನ್ನಡ ಆಡಲು ನನಗಿದ್ದವರು ಅವರಷ್ಟೇ.

ಕಳೆದ ತಿಂಗಳು ನನ್ನ ಸರದಿ ಬಂತು. ಮುದ್ದೆ, ಉಪ್ಸಾರು ಮಾಡಿದ್ದೆ. ಪಟ್ಟಣದೊಳಗಿನ ಬಾಂಗ್ಸಾರ್‌ನಿಂದ ಬಂದಿದ್ದ ವಸುಧಾ ತಟ್ಟೆ ಹಿಡಿದು, "ಮನೆ ಸೂಪರ್ ಆಗಿದೆ ರೀ. ಅಂದ ಹಾಗೆ, ನಮ್ಮತ್ತೆ ಊರೂ ನಿಮ್ಮೂರೇ ಅಂತೆ. ನಿಮ್ಮದು ಯಾವ ಬೀದಿ?" ಎಂದರು.

ಏಳು ವರ್ಷದ ಮಗಳು ನನ್ನ ಪಕ್ಕದಲ್ಲೇ ಕೂತಿದ್ದಳು. ಅವಳ ಎದುರು ಇನ್ನೊಂದು ಸುಳ್ಳಿಗೆ ನಾಲಗೆ ಏಳಲಿಲ್ಲ.

"ಬೀದಿಯಲ್ಲ ವಸುಧಾ. ಊರ ಹೊರಗೆ, ಕೇರಿ," ಎಂದೆ. "ಸಾರು ಬಿಡ್ಲಾ?"

ಒಬ್ಬರು ಫೋನ್ ನೋಡತೊಡಗಿದರು. ವಸುಧಾ ಮುದ್ದೆ ಮುರಿಯದೆಯೇ "ಹೊಟ್ಟೆ ತುಂಬ್ತು ರೀ" ಎಂದು ತಟ್ಟೆ ಕೆಳಗಿಟ್ಟರು. ಹುಬ್ಬಳ್ಳಿಯ ಶಾಂತಕ್ಕ ಮಾತ್ರ, "ನನಗ ಇನ್ನೊಂದ್ ಮುದ್ದಿ ಹಾಕವ್ವಾ" ಎಂದು ತಟ್ಟೆ ಚಾಚಿದರು.

ಎಲ್ಲರೂ ಹೋದ ಮೇಲೆ ಮಗಳು, "ವಾಟ್ ಈಸ್ ಕೇರಿ, ಅಮ್ಮಾ?" ಎಂದಳು.

"ನಿನ್ನಜ್ಜಿ ಮನೆ ಇರೋ ಜಾಗ."

"ಲೈಕ್ ಹಿಯರ್?"

"ಇಲ್ಲಿಗೆ ನಾವಾಗೇ ಬಂದ್ವಿ ಪುಟ್ಟಾ. ಅಲ್ಲಿ ನಮ್ಮನ್ನ ಇಟ್ಟಿದ್ರು."

ಈ ತಿಂಗಳ ಊಟಕ್ಕೆ ನನಗೆ ಕರೆ ಬಂದಿಲ್ಲ. ಸಂಕಟವಾಗಿದೆ, ಸುಳ್ಳೇಕೆ ಹೇಳಲಿ. ಕನ್ನಡ ಬೇಕೆಂದರೆ ನನಗೆ ಅವರೇ ಬೇಕು. ಆದರೆ ತಲೆ ತಗ್ಗಿಸಿ ಕನ್ನಡ ಆಡುವುದು ಮುಗಿಯಿತು.