ಡ್ರೈವರ್ ರೂಮಿನ ಬೀಗ

ಕನಕಪುರದ ದೊಡ್ಡಮುನಿಯಪ್ಪನಿಗೆ ಸಿಟ್ಟೇ ಬರುವುದಿಲ್ಲ ಎಂದು ಡಿಪೋದಲ್ಲಿ ಎಲ್ಲರೂ ಹೇಳುತ್ತಿದ್ದರು. ಮೂವತ್ತಮೂರು ವರ್ಷ ಸರ್ಕಾರಿ ಬಸ್ಸು ಓಡಿಸಿದ ಮನುಷ್ಯ. ಕನಕಪುರದಿಂದ ಬೆಂಗಳೂರಿನ ಮಾರ್ಕೆಟ್ಟಿಗೆ, ಮಾರ್ಕೆಟ್ಟಿನಿಂದ ಮತ್ತೆ ಕನಕಪುರಕ್ಕೆ. ರೇಷ್ಮೆಗೂಡಿನ ಚೀಲ ಹೊತ್ತವರು, ಬಾಗಿಲಲ್ಲಿ ನೇತಾಡುವ ಕಾಲೇಜು ಹುಡುಗರು, ಸ್ಟಾಪು ದಾಟಿದ ಮೇಲೆ ಎಚ್ಚರವಾಗುವವರು, ಎಲ್ಲರ ಬೈಗುಳವನ್ನೂ ತಿರುಗಿ ನೋಡದೆ ನುಂಗಿಕೊಂಡವನು. ಹೆಂಡತಿ ಮಾರಮ್ಮನಿಗೆ ಮಾತ್ರ ಬೇರೆಯೇ ಗೊತ್ತಿತ್ತು. ಈ ಮನುಷ್ಯನಿಗೆ ಸಿಟ್ಟು ಬರುತ್ತದೆ, ಚೆನ್ನಾಗಿಯೇ ಬರುತ್ತದೆ. ಆದರೆ ಒಳಗೆ ಹೋಗಿ ಕೂತುಬಿಡುತ್ತದೆ.

ಅವನು ರಿಟೈರ್ ಆದ ನಾಲ್ಕನೇ ವರ್ಷಕ್ಕೆ ಗಂಡಹೆಂಡಿರ ಮದುವೆಗೆ ನಲವತ್ತು ತುಂಬಿತು. ರಾಮನಗರದಲ್ಲಿ ಹೈಸ್ಕೂಲು ಟೀಚರಾಗಿರುವ ಮಗಳು ರಮ್ಯಾ, ಬಿಡದಿಯ ಕಾರ್ಖಾನೆಯಲ್ಲಿ ಸೂಪರ್‌ವೈಸರ್ ಆಗಿರುವ ಅಳಿಯ ಮಹೇಂದ್ರ, ಇಬ್ಬರೂ ಸೇರಿ ಕುಂದಾಪುರದ ಆಚೆ ಸಮುದ್ರದ ದಂಡೆಯಲ್ಲಿ ಎರಡು ದಿನಕ್ಕೆ ಒಂದು ವಿಲ್ಲಾ ಹಿಡಿದರು.

"ಅಪ್ಪಾ, ನೋಡಿಲ್ಲಿ. ಇಡೀ ಮನೆ ನಮಗೇನೆ. ಈಜುಕೊಳ ನಮಗೇನೆ. ಹಿಂದುಗಡೆ ಗೇಟು ತೆಗೆದ್ರೆ ಸಮುದ್ರ," ಎಂದು ರಮ್ಯಾ ಫೋನಿನಲ್ಲಿ ಒಂದೊಂದೇ ಫೋಟೋ ಸರಿಸಿ ತೋರಿಸಿದಳು. ಮಾರಮ್ಮ ಬಾಯಿಗೆ ಸೆರಗು ಹಿಡಿದು ನೋಡಿದಳು. ಅರವತ್ತು ವರ್ಷವಾದರೂ ಅವಳು ಸಮುದ್ರ ಕಂಡವಳಲ್ಲ. ಗಂಡ ಊರೂರು ತಿರುಗಿದ್ದ ನಿಜ, ಅವಳನ್ನು ಕೂರಿಸಿಕೊಂಡು ಹೋದದ್ದು ಕೆಂಗಲ್ ಆಂಜನೇಯನ ಗುಡಿಗೆ, ಹೆಚ್ಚೆಂದರೆ ಧರ್ಮಸ್ಥಳಕ್ಕೆ.

ಮಹೇಂದ್ರನ ಅಕ್ಕನ ಮನೆಯವರನ್ನೂ ಸೇರಿಸಿ ಒಟ್ಟು ಹನ್ನೊಂದು ಜನ. ರಾಮನಗರದ ಸಿದ್ಧಾರ್ಥನ ಟ್ರಾವೆಲ್ಸಿನಿಂದ ಟೆಂಪೋ ಟ್ರಾವೆಲರ್ ಬಂತು. ಓಡಿಸುವವನು ಚನ್ನಪಟ್ಟಣದ ತಾಜ್ ಪಾಷಾ. ನಲವತ್ತೈದರ ಆಸುಪಾಸು, ಮಾತು ಕಮ್ಮಿ. ಬೆಳಗಿನ ಜಾವ ಮೂರಕ್ಕೆ ಕನಕಪುರದ ಮನೆ ಮುಂದೆ ಗಾಡಿ ನಿಂತಾಗ ದೊಡ್ಡಮುನಿಯಪ್ಪ, "ಎಷ್ಟೊತ್ಗೆ ಎದ್ದೆ ಪಾಷಾ?" ಎಂದು ಕೇಳಿದ.

"ಒಂದು ಗಂಟೆಗೆ ಅಣ್ಣ. ರಾಮನಗರಕ್ಕೆ ಬಂದು ಗಾಡಿ ತಗೊಂಡು ಬರ್ಬೇಕಲ್ಲ."

ದೊಡ್ಡಮುನಿಯಪ್ಪ ಮುಂದಿನ ಸೀಟಿನಲ್ಲಿ ಕೂತ. ಮಾಗಡಿ, ಕುಣಿಗಲ್ ಮೇಲೆ ಹಾಸನದ ರಸ್ತೆ ಹಿಡಿದರು. ಓಡಿಸುವವನ ಕೈಯನ್ನು ನೋಡಿದರೆ ಅವನೆಂಥವನೆಂದು ದೊಡ್ಡಮುನಿಯಪ್ಪನಿಗೆ ತಿಳಿಯುತ್ತಿತ್ತು. ಶಿರಾಡಿ ಘಾಟಿಯ ತಿರುವುಗಳಲ್ಲಿ ತಾಜ್ ಪಾಷಾ ಬ್ರೇಕನ್ನು ತುಳಿಯಲಿಲ್ಲ, ಒತ್ತಿದ. ಬಸ್ಸು ಹತ್ತಿದರೆ ವಾಂತಿ ಮಾಡುವ ಮಾರಮ್ಮ ಘಾಟಿಯುದ್ದಕ್ಕೂ ಬಾಯಿ ತೆರೆದುಕೊಂಡು ನಿದ್ದೆ ಮಾಡಿದಳು. ದೊಡ್ಡಮುನಿಯಪ್ಪ ಅದನ್ನು ತಿರುಗಿ ನೋಡಿ, "ಪಾಷಾ, ನಮ್ ಡಿಪೋಗೆ ಬರ್ಬೇಕಾಗಿತ್ತು ಕಣಯ್ಯ ನೀನು," ಎಂದ. ತಾಜ್ ಪಾಷಾ ಅವತ್ತು ನಕ್ಕದ್ದು ಅದೊಂದೇ ಸಲ.

ವಿಲ್ಲಾ ಮುಟ್ಟಿದಾಗ ಮಧ್ಯಾಹ್ನ ಎರಡೂವರೆ. ಎತ್ತರದ ಕೆಂಪು ಕಲ್ಲಿನ ಕಾಂಪೌಂಡು, ಒಳಗೆ ಹಸಿರು ಹುಲ್ಲು, ಹುಲ್ಲಿನ ನಡುವೆ ನೀಲಿ ಈಜುಕೊಳ. ಇಸ್ತ್ರಿ ಮಾಡಿದ ಬಿಳಿ ಶರ್ಟು ತೊಟ್ಟ ಮ್ಯಾನೇಜರು ಎಲ್ಲರಿಗೂ ಪುನರ್ಪುಳಿ ಶರಬತ್ತು ಕೊಟ್ಟ. ಮಕ್ಕಳು ಕೂಗಿಕೊಂಡು ಓಡಿದರು. ಸಮುದ್ರದ ಸದ್ದು ಕೇಳಿ ಮಾರಮ್ಮ ನಿಂತಲ್ಲೇ ಕೈಮುಗಿದಳು. ಸ್ನಾನ ಮುಗಿಸಿ, ಮಗಳು ಕೊಡಿಸಿದ ಹೊಸ ಶರ್ಟು ಹಾಕಿಕೊಂಡು ದೊಡ್ಡಮುನಿಯಪ್ಪ ಊಟಕ್ಕೆ ಕೂತ. ಮೇಜಿನ ತುಂಬ ಮೀನು. ಎರಡು ತುತ್ತು ತಿಂದು ಕೇಳಿದ:

"ಪಾಷಾ ಉಂಡ್ನಾ?"

ಯಾರಿಗೂ ಗೊತ್ತಿರಲಿಲ್ಲ. ಅವನು ಕೈ ತೊಳೆದು ಗೇಟಿನ ಹೊರಗೆ ಹೋದ.

ಗಾಡಿ ರಸ್ತೆ ಬದಿಯ ಮರಳಿನಲ್ಲಿ ನಿಂತಿತ್ತು. ಸುತ್ತ ಒಂದು ಮರವಿಲ್ಲ. ಗಾಡಿಯ ಪಕ್ಕದ ಒಂದಡಿ ನೆರಳಿನಲ್ಲಿ ತಾಜ್ ಪಾಷಾ ಕುಕ್ಕರುಗಾಲಿನಲ್ಲಿ ಕೂತು, ಬಾಟಲಿಯ ನೀರಿನಲ್ಲಿ ಬಿಸ್ಕತ್ತು ಅದ್ದಿ ತಿನ್ನುತ್ತಿದ್ದ.

"ಏನಪ್ಪಾ ಇದು?"

"ಒಳಗೆ ಬಿಡಲ್ವಂತೆ ಅಣ್ಣ."

"ಮುಖ ತೊಳ್ಯಕ್ಕೆ? ಬಾತ್‌ರೂಮಿಗೆ?"

"ಮೂರು ಕಿಲೋಮೀಟರ್ ಹಿಂದೆ ಪೆಟ್ರೋಲ್ ಬಂಕ್ ಐತಂತೆ, ಅಲ್ಲಿಗೆ ಹೋಗು ಅಂದ್ರು. ಬುಡಿ ಅಣ್ಣ, ನೀವು ಊಟ ಮಾಡೋಗಿ. ಮಕ್ಕಳು ಕಾಯ್ತಿರ್ತವೆ."

ದೊಡ್ಡಮುನಿಯಪ್ಪನ ಕಿವಿ ಬಿಸಿಯಾಯಿತು. ಒಂದು ಗಂಟೆಗೆ ಎದ್ದು, ಹನ್ನೊಂದು ಜೀವಗಳನ್ನು ಘಾಟಿ ಇಳಿಸಿ ತಂದವನು ನಾಯಿಯ ಹಾಗೆ ಗಾಲಿಯ ಪಕ್ಕ ಕೂತಿದ್ದಾನೆ. ನಾಡಿದ್ದು ಇದೇ ಹನ್ನೊಂದು ಜನರನ್ನು ಇವನೇ ಘಾಟಿ ಹತ್ತಿಸಬೇಕು. ಅವನು ತಿರುಗಿ ನೇರ ಮ್ಯಾನೇಜರನ ಹತ್ತಿರ ನಡೆದ.

"ಇಲ್ಲ ಸರ್, ಅದು ಆಗುದಿಲ್ಲ," ಎಂದ ಮ್ಯಾನೇಜರು ನಗುತ್ತಲೇ. "ಡ್ರೈವರ್‌ನವರನ್ನು ಒಳಗೆ ಬಿಡ್ಲಿಕ್ಕೆ ಇಲ್ಲ. ನಮ್ಮ ಓನರ್ ಮಾಡಿದ ರೂಲ್ಸ್."

"ಬುಕ್ ಮಾಡ್ಬೇಕಾದ್ರೆ ಡ್ರೈವರ್‌ಗೆ ರೂಮ್ ಇದೆ ಅಂತ ಹಾಕಿದ್ರಲ್ಲ?" ಹಿಂದೆಯೇ ಬಂದ ರಮ್ಯಾ ಕೇಳಿದಳು.

"ರೂಮು ಉಂಟು ಮೇಡಂ. ಈಗ ಅದನ್ನು ಸ್ಟೋರ್ ಮಾಡಿದ್ದೇವೆ."

ಜನರೇಟರಿನ ಹಿಂದೆ ಒಂದು ಪುಟ್ಟ ಕೋಣೆ. ಬಾಗಿಲ ಮೇಲೆ ಚೆಂದದ ಅಕ್ಷರದಲ್ಲಿ ಡ್ರೈವರ್ಸ್ ರೂಮ್ ಎಂದು ಬರೆದಿತ್ತು. ಕೆಳಗೆ ಬೀಗ. ದೊಡ್ಡಮುನಿಯಪ್ಪ ಕಿಟಕಿಯಿಂದ ಇಣುಕಿದ. ಮುರಿದದ್ದು, ಸರಿಯಿದ್ದದ್ದು ಎಲ್ಲ ಸೇರಿ ಈಜುಕೊಳದ ಕುರ್ಚಿಗಳು, ಮಡಚಿದ ದೊಡ್ಡ ಕೊಡೆಗಳು, ಗಾಳಿ ಹೋದ ರಬ್ಬರ್ ಬಾತುಕೋಳಿ. ಮೂಲೆಯಲ್ಲಿ ಒಂದು ಮಂಚ, ಅದರ ಮೇಲೂ ಕುರ್ಚಿ.

"ಅಪ್ಪಾ, ಗಲಾಟೆ ಬೇಡ," ರಮ್ಯಾ ತಂದೆಯ ತೋಳು ಹಿಡಿದಳು. "ಕುಂದಾಪುರದಲ್ಲಿ ಲಾಡ್ಜ್ ಮಾಡ್ಕೊಡೋಣ ಅವ್ರಿಗೆ."

"ಇಪ್ಪತ್ತು ಕಿಲೋಮೀಟ್ರು. ಓಗ್ಬೇಕಾದ್ರೂ ಅವ್ನೇ ಓಡಿಸ್ಬೇಕು, ಬರ್ಬೇಕಾದ್ರೂ ಅವ್ನೇ ಓಡಿಸ್ಬೇಕು. ಕಣ್ಣು ನೋಡಿದ್ಯಾ ಅವಂದು?"

ಅಷ್ಟರಲ್ಲಿ ಮಹೇಂದ್ರ ಬಂದ. ಕೆಟ್ಟವನಲ್ಲ, ಮಾವನನ್ನು ಸಮಾಧಾನ ಮಾಡಲೆಂದೇ ಬಂದವನು. "ಮಾವ, ಡ್ರೈವರ್‌ಗಳು ಗಾಡೀಲೇ ಮಲಗ್ತಾರೆ. ಸೀಟು ಹಿಂದಕ್ಕೆ ಹಾಕ್ಕೊಂಡ್ರೆ ಆಯ್ತು. ಅವ್ರಿಗೆ ಅಭ್ಯಾಸ ಇರುತ್ತೆ."

ಹೇಳಿದ್ದು ಯಾರಿಗೆ ಎಂಬುದು ಮಹೇಂದ್ರನಿಗೆ ಹೊಳೆಯಲು ಒಂದು ಕ್ಷಣ ಹಿಡಿಯಿತು. ಹೊಳೆದ ಮೇಲೆ ಅವನ ಮುಖ ಇಳಿಯಿತು.

ದೊಡ್ಡಮುನಿಯಪ್ಪನ ಕಣ್ಣ ಮುಂದೆ ಬಂದದ್ದು ಮಾಗಡಿ ಕಡೆಯ ಒಂದು ಮದುವೆ. ಅವನಿಗಾಗ ಇಪ್ಪತ್ತೊಂಬತ್ತು. ಮದುವೆ ದಿಬ್ಬಣದ ಬಸ್ಸು ಓಡಿಸಿಕೊಂಡು ಹೋಗಿದ್ದ. ಹೆಣ್ಣಿನ ಕಡೆಯವರು ಚಪ್ಪರದೊಳಕ್ಕೆ ಕರೆಯಲಿಲ್ಲ. ಹಿಂದುಗಡೆ, ಎಂಜಲೆಲೆ ಎಸೆಯುವ ಗುಂಡಿಯ ಪಕ್ಕದಲ್ಲಿ ಒಂದು ಎಲೆ ಹಾಕಿ ಬಡಿಸಿದರು. ನೊಣ ಓಡಿಸಿಕೊಂಡು ಅವನು ಉಂಡ. ಹಸಿವಾಗಿತ್ತು, ಉಂಡ. ಬಡಿಸಿದವರ ಮೇಲಿನ ಸಿಟ್ಟು ಹೇಗೋ ಕರಗಿತ್ತು. ಉಂಡ ತನ್ನ ಮೇಲಿನ ಸಿಟ್ಟು ಮೂವತ್ತೈದು ವರ್ಷವಾದರೂ ಹಾಗೇ ಇತ್ತು. ಮಾರಮ್ಮನಿಗೂ ಅದನ್ನು ಹೇಳಿರಲಿಲ್ಲ.

"ಅಭ್ಯಾಸ ಮಾಡ್ಸಿದ್ಯಾರು ಮಹೇಂದ್ರ?" ಎಂದ ಮೆಲ್ಲಗೆ. "ಉಟ್ಟಿದಾಗ್ಲೇ ಬಂದಿತ್ತಾ ನಮ್ಗೆ?"

ಅವನು ಗೇಟಿನಾಚೆ ಹೋಗಿ ಗಾಡಿಯ ಸೀಟಿನಡಿಯಿಂದ ವೀಲ್ ಸ್ಪ್ಯಾನರ್ ಎಳೆದುಕೊಂಡ. ತಾಜ್ ಪಾಷಾ ಗಾಬರಿಯಿಂದ ಎದ್ದ. "ಅಣ್ಣ, ಬ್ಯಾಡ ಅಣ್ಣ. ನಾನು ಕೇಳಿದ್ನಾ ನಿಮ್ಮನ್ನ?"

"ನೀನು ಕೇಳ್ಲಿಲ್ಲ. ನಾನೂ ಅವತ್ತು ಕೇಳ್ಲಿಲ್ಲ," ಎಂದ ದೊಡ್ಡಮುನಿಯಪ್ಪ. ಅದು ತಾಜ್ ಪಾಷಾನಿಗೆ ಅರ್ಥವಾಗಲಿಲ್ಲ.

ಮೂರನೇ ಏಟಿಗೆ ಬೀಗ ಕೊಂಡಿಯ ಸಮೇತ ಕಿತ್ತುಬಂತು. ಮ್ಯಾನೇಜರು ಕೂಗಿಕೊಂಡು ಓಡಿಬಂದ, ಫೋನು ತೆಗೆದು ವಿಡಿಯೋ ಮಾಡತೊಡಗಿದ. ದೊಡ್ಡಮುನಿಯಪ್ಪ ಅವನ ಕಡೆ ನೋಡಲಿಲ್ಲ. ಒಂದೊಂದೇ ಕುರ್ಚಿ ಎತ್ತಿ, ಹುಲ್ಲಿನ ಮೇಲೆ ನಡೆದು, ಈಜುಕೊಳದ ಅಂಚಿನಲ್ಲಿ ಇಟ್ಟುಬಂದ. ಹೊಸ ಶರ್ಟಿನ ಬೆನ್ನು ಒದ್ದೆಯಾಗಿ ಅಂಟಿಕೊಂಡಿತು. ನೀರಿನಲ್ಲಿ ಆಡುತ್ತಿದ್ದ ಮಕ್ಕಳು ಸದ್ದು ನಿಲ್ಲಿಸಿ ತಾತನನ್ನೇ ನೋಡಿದರು. ಹತ್ತು ಕುರ್ಚಿಯಾದ ಮೇಲೆ ಮ್ಯಾನೇಜರು ಮಾಲೀಕನಿಗೆ ಫೋನು ಮಾಡಿ ಸ್ಪೀಕರಿಗೆ ಹಾಕಿದ.

"ಅಂಕಲ್, ದಯವಿಟ್ಟು ಅರ್ಥ ಮಾಡ್ಕೊಳ್ಳಿ," ಎಂದಿತು ಫೋನಿನೊಳಗಿನ ಮೆತ್ತನೆಯ ದನಿ. "ಡ್ರೈವರ್‌ಗಳು ಒಳಗೆ ಓಡಾಡೋದು ಗೆಸ್ಟ್‌ಗಳಿಗೆ ಇಷ್ಟ ಆಗಲ್ಲ."

ದೊಡ್ಡಮುನಿಯಪ್ಪ ಕೈಯಲ್ಲಿದ್ದ ಕುರ್ಚಿಯನ್ನು ಧಡಾರನೆ ಕೆಳಗಿಟ್ಟ.

"ನಾನೇ ಡ್ರೈವರ್ ಕಣಪ್ಪಾ! ನಿನ್ ಈಜುಕೊಳದ ಪಕ್ಕದಲ್ಲೇ ನಿಂತಿವ್ನಿ. ನಿನ್ ಶರಬತ್ತು ಕುಡ್ದಿವ್ನಿ, ನಿನ್ ಮಂಚದ ಮ್ಯಾಲೆ ಕೂತಿವ್ನಿ. ಯಾರ್ಗೆ ಇಷ್ಟ ಆಗ್ಲಿಲ್ಲ ಯೋಳು! ಬಂದು ಎದುರ್ಗೆ ಯೋಳ್ಲಿ!"

ಫೋನು ಕಟ್ಟಾಯಿತು, ಮ್ಯಾನೇಜರು ಅದನ್ನು ಜೇಬಿಗೆ ಹಾಕಿಕೊಂಡು ಪಕ್ಕಕ್ಕೆ ಸರಿದ. ಅಪ್ಪನ ಗಂಟಲಿನಿಂದ ಅಂಥ ದನಿ ಹೊರಟದ್ದನ್ನು ರಮ್ಯಾ ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಮಾರಮ್ಮ ಎಲ್ಲಿಂದಲೋ ಪೊರಕೆ ತಂದಳು. ಸೀರೆ ಎತ್ತಿ ಕಟ್ಟಿ, ಯಾರನ್ನೂ ಏನನ್ನೂ ಕೇಳದೆ, ಕೋಣೆಯೊಳಕ್ಕೆ ಹೋಗಿ ಹಲ್ಲಿಯ ಹಿಕ್ಕೆ, ಜೇಡರ ಬಲೆ, ಮರಳು ಎಲ್ಲ ಗುಡಿಸತೊಡಗಿದಳು. ಮಹೇಂದ್ರ ತಲೆ ತಗ್ಗಿಸಿಕೊಂಡು ಬಂದು ಮಾವನ ಕೈಯಿಂದ ಕುರ್ಚಿ ತೆಗೆದುಕೊಂಡ. ರಮ್ಯಾ ಮಹಡಿಗೆ ಹೋಗಿ ತನ್ನ ಹಾಸಿಗೆಯ ಹೊದಿಕೆಯನ್ನೇ ಎಳೆದು ತಂದಳು. ಅವಳ ಮುಖ ಉರಿಯುತ್ತಿತ್ತು. ಅಪ್ಪನ ಮೇಲೋ ಮ್ಯಾನೇಜರನ ಮೇಲೋ ಅವಳಿಗೇ ತಿಳಿದಿರಲಿಲ್ಲ.

ಊಟ ಮಾಡಿ ತಾಜ್ ಪಾಷಾ ಆ ಮಂಚದ ಮೇಲೆ ಕತ್ತಲಾಗುವವರೆಗೂ ಮಲಗಿದ. ಸಂಜೆ ಎಲ್ಲರೂ ಹಿಂದಿನ ಗೇಟು ತೆಗೆದು ಸಮುದ್ರಕ್ಕಿಳಿದರು. ಮೊಣಕಾಲಿನವರೆಗೆ ನೀರಿಗಿಳಿದ ಮಾರಮ್ಮ ಅಲೆ ಬಂದಾಗಲೆಲ್ಲ ಸಣ್ಣ ಹುಡುಗಿಯ ಹಾಗೆ ಕಿರುಚಿದಳು. ದೊಡ್ಡಮುನಿಯಪ್ಪ ದಂಡೆಯಲ್ಲಿ ಕೂತೇ ಇದ್ದ. ಅವಳು ಬಂದು ಪಕ್ಕ ಕೂತಳು.

"ಇಳೀತಾ ಸಿಟ್ಟು?"

"ಇಲ್ಲ."

"ಇರ್ಲಿ ಬುಡಿ. ಇಷ್ಟು ವರ್ಸದ್ದು, ಒಂದೇ ದಿನಕ್ಕೆ ಇಳದ್ಬುಡ್ತದಾ?"

ಊರಿಗೆ ಬಂದು ಎಂಟು ದಿನವಾಗಿತ್ತು. ಸಿದ್ಧಾರ್ಥನಿಗೆ ವಿಲ್ಲಾದಿಂದ ದೂರು ಬಂದಿದೆ, ತಾಜ್ ಪಾಷಾನನ್ನು ಕರಾವಳಿ ಟ್ರಿಪ್ಪಿನಿಂದ ತೆಗೆದು ಕಾಸು ಕಮ್ಮಿ ಸಿಗುವ ಬಿಡದಿ ಕಾರ್ಖಾನೆಯ ಶಿಫ್ಟು ಗಾಡಿಗೆ ಹಾಕಿದ್ದಾನೆ ಎಂದು ಮಹೇಂದ್ರ ಸುದ್ದಿ ತಂದ. ದೊಡ್ಡಮುನಿಯಪ್ಪ ಅವತ್ತೇ ಬಸ್ಸು ಹತ್ತಿ ಚನ್ನಪಟ್ಟಣಕ್ಕೆ ಹೋದ. ತಾಜ್ ಪಾಷಾನ ಮನೆಯಲ್ಲಿ ಅವನ ಹೆಂಡತಿ ತಾಹೇರಾ ಕಿಟಕಿಯ ಬೆಳಕಿಗೆ ಕೂತು ಮರದ ಗೊಂಬೆಗಳಿಗೆ ಕಣ್ಣು ಬರೆಯುತ್ತಿದ್ದಳು. ಚಹಾ ಕೊಟ್ಟು ಮತ್ತೆ ಕುಂಚ ಹಿಡಿದಳು. ತಾಜ್ ಪಾಷಾ ಮಾತಾಡಿದ.

"ಅಣ್ಣ, ಬೇಜಾರಾಗ್ಬೇಡಿ. ಸಿಟ್ಟು ಮಾಡಿದ್ದು ನೀವು, ಏಟು ಬಿದ್ದಿದ್ದು ನಂಗೆ. ನೀವು ಬೀಗ ಒಡ್ದು ಮನೆಗೆ ಬಂದ್ರಿ. ಆ ರಸ್ತೇಲಿ ನಾನು ಮತ್ತೆ ಓಗ್ಬೇಕು ಅಂತ ಒಂದ್ಸಲ ಯೋಚ್ನೆ ಮಾಡಿದ್ರಾ? ಬ್ಯಾಡ ಅಂದೆ. ನನ್ ಮಾತು ನೀವೂ ಕೇಳ್ಲಿಲ್ಲ, ಅವ್ರೂ ಕೇಳ್ಲಿಲ್ಲ."

ಅದು ಸರಿಯಾಗಿಯೇ ತಾಗಿತು. ದೊಡ್ಡಮುನಿಯಪ್ಪನಿಗೆ ಸಮಜಾಯಿಷಿ ಹೇಳಲು ಮನಸ್ಸು ಬರಲಿಲ್ಲ. "ತಪ್ಪಾಯ್ತು ಪಾಷಾ," ಎಂದ. ಚಹಾ ಲೋಟ ಕೆಳಗಿಟ್ಟು, "ಈಗ ಏನ್ ಮಾಡ್ಲಿ, ನೀನೇ ಯೋಳು. ನೀನು ಯೋಳಿದ್ನೇ ಮಾಡ್ತೀನಿ," ಎಂದ.

ತಾಜ್ ಪಾಷಾ ಹೆಂಡತಿಯ ಕೈಯಲ್ಲಿದ್ದ ಕುಂಚದ ಕಡೆ ನೋಡಿದ. ಆಮೇಲೆ, "ಸಿದ್ಧಾರ್ಥನ ಹತ್ರ ಮಾತಾಡಿ. ಸ್ಪ್ಯಾನರ್ ಮಾತ್ರ ತಗೊಂಡೋಗ್ಬೇಡಿ," ಎಂದ.

ಮರುದಿನ ಅಪ್ಪ, ಮಗಳು ಇಬ್ಬರೂ ಟ್ರಾವೆಲ್ಸ್ ಆಫೀಸಿಗೆ ಹೋದರು. ರಮ್ಯಾ ಬುಕಿಂಗಿನ ಕಾಗದ ಮೇಜಿನ ಮೇಲಿಟ್ಟು, ಚಾಲಕರಿಗೆ ವಸತಿ ಎಂಬ ಸಾಲಿನ ಮೇಲೆ ಬೆರಳಿಟ್ಟಳು. ಸಿದ್ಧಾರ್ಥ ಕುರ್ಚಿಯಲ್ಲಿ ಅತ್ತಿತ್ತ ಹೊರಳಿದ. "ಸಾರ್, ಆ ಕಡೆ ವಿಲ್ಲಾದವ್ರೆಲ್ಲ ಒಂದೇ. ಅವ್ರನ್ನ ಎದುರ್ ಹಾಕ್ಕೊಂಡ್ರೆ ನಮ್ ಗಾಡಿ ಓಡಲ್ಲ."

"ನಿದ್ದೆ ಇಲ್ದೆ ಇರೋನ ಕೈಗೆ ಗಾಡಿ ಕೊಟ್ರೆ ಓಡ್ತದಾ?" ಎಂದ ದೊಡ್ಡಮುನಿಯಪ್ಪ. ಕೂಗಲಿಲ್ಲ. "ಮೂವತ್ಮೂರು ವರ್ಸ ಓಡ್ಸಿವ್ನಿ ಸಿದ್ಧಾರ್ಥ. ಡ್ರೈವರ್ ತೂಕಡಿಸಿದ್ರೆ ಘಾಟಿ ತಿರುವಿನಲ್ಲಿ ಏನಾಯ್ತದೆ ಅಂತ ನಂಗೊತ್ತು. ಗಾಡಿ ನಿಂದು, ಒಳಗಿರೋರು ನಮ್ ಮಕ್ಕಳು."

ಸಿದ್ಧಾರ್ಥ ನೋಡೋಣ ಎಂದ. ಆಗ ರಮ್ಯಾ, ತಮ್ಮ ಶಾಲೆಯ ಪ್ರವಾಸಕ್ಕೆ ಪ್ರತಿವರ್ಷ ನಾಲ್ಕು ಗಾಡಿ ಹೋಗುವುದು ಇದೇ ಆಫೀಸಿನಿಂದ, ಈ ವರ್ಷದ ತೀರ್ಮಾನ ಇನ್ನೂ ಆಗಿಲ್ಲ ಎಂದಷ್ಟೇ ಹೇಳಿ ಎದ್ದಳು. ತಿಂಗಳೊಳಗೆ ತಾಜ್ ಪಾಷಾ ಮತ್ತೆ ಕರಾವಳಿಯ ದಾರಿ ಹಿಡಿದ. ಬುಕಿಂಗ್ ಮಾಡುವಾಗಲೇ ಡ್ರೈವರಿಗೆ ಮಂಚ ಉಂಟೇ ಎಂದು ಕೇಳುವುದನ್ನು ಸಿದ್ಧಾರ್ಥ ಗೊಣಗಿಕೊಂಡೇ ಶುರುಮಾಡಿದ.

ಆ ವಿಲ್ಲಾದವರು ತಪ್ಪಾಯಿತೆಂದು ಒಂದು ಮಾತೂ ಹೇಳಿಕಳಿಸಲಿಲ್ಲ. ಕೋಣೆಗೆ ಮತ್ತೆ ಕುರ್ಚಿ ತುಂಬಿದ್ದಾರೆಂದು ಅಲ್ಲಿಗೆ ಹೋಗಿಬಂದ ಇನ್ನೊಬ್ಬ ಡ್ರೈವರ್ ಹೇಳಿದ.

ಈಗ ರಾಮನಗರ, ಚನ್ನಪಟ್ಟಣದ ಹತ್ತಾರು ಡ್ರೈವರುಗಳ ಫೋನಿನಲ್ಲಿ ದೊಡ್ಡಮುನಿಯಪ್ಪನ ನಂಬರು ಇದೆ. ಎಲ್ಲಾದರೂ ಗೇಟಿನ ಹೊರಗೆ ನಿಲ್ಲಿಸಿದರೆ ಅವರು ಅವನಿಗೆ ಫೋನು ಮಾಡುತ್ತಾರೆ. ಮೊದಲು ಅವನು, "ನಾನು ಮಾತಾಡ್ಲಾ? ನಿಂಗೇನೂ ತೊಂದ್ರೆ ಇಲ್ವಾ?" ಎಂದು ಕೇಳುತ್ತಾನೆ. ಹೂಂ ಎಂದರೆ ಮಾತ್ರ ಆ ಜಾಗದ ನಂಬರು ಬರೆದುಕೊಂಡು ಕನ್ನಡಕ ಹಾಕಿಕೊಳ್ಳುತ್ತಾನೆ.

"ಅಲೋ, ನಾನು ಕನಕಪುರದಿಂದ ದೊಡ್ಡಮುನಿಯಪ್ಪ. ಡ್ರೈವರ್ ಮಾತಾಡ್ತಿರೋದು."

ಕೆಲವರು ದಾರಿಗೆ ಬರುತ್ತಾರೆ. ಕೆಲವರು ಅಷ್ಟಕ್ಕೇ ಫೋನು ಇಟ್ಟುಬಿಡುತ್ತಾರೆ. ಅವನು ಮತ್ತೆ ಅದೇ ನಂಬರನ್ನು ಒತ್ತುತ್ತಾನೆ.